ಕರಕುಶಲ ಆಟಿಕೆ: ಮಗುವಿನ ಬೆರಳಿಗೆ ಉಳಿಯುವ ಕೆಲಸವೆಷ್ಟು?

ಶಾಲೆಗೆ ಹೊಸದಾಗಿ ಸೇರುವ ಮಕ್ಕಳಲ್ಲಿ ಅನೇಕರಿಗೆ ಪೆನ್ಸಿಲ್ ಹಿಡಿಯಲು ಬರುವುದಿಲ್ಲ, ಕತ್ತರಿ ಕೊಟ್ಟರೆ ಕೈ ತಿರುಗುವುದಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಕಷ್ಟ ಎಂಬ ಮಾತನ್ನು ಶಿಕ್ಷಕರು ಈಚೆಗೆ ಪದೇ ಪದೇ ಹೇಳುತ್ತಿದ್ದಾರೆ. ಅದರ ಬೆನ್ನಿಗೇ ‘ಬೆರಳು ಚುರುಕಾಗಿಸುವ’, ‘ಮಿದುಳು ಬೆಳೆಸುವ’ ಎಂದು ಮೇಲೆ ಮುದ್ರಿಸಿಕೊಂಡ ಕರಕುಶಲ ಪೆಟ್ಟಿಗೆಗಳು ಆಟಿಕೆ ಅಂಗಡಿಗಳನ್ನು ತುಂಬಿವೆ. ಮಣಿ, ದಾರ, ಬಣ್ಣದ ಕಾಗದ, ಫೆಲ್ಟ್ ಬಟ್ಟೆ, ಸ್ಟಿಕ್ಕರ್, ಕ್ಲೇ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಇಂಥ ಆಟಿಕೆಗಳಿಂದ ಪ್ರಯೋಜನವಿದೆಯೇ ಎಂದರೆ, ಖಂಡಿತ ಇದೆ. ಆದರೆ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಬೇಕು. ಈ ಕೆಲಸದಲ್ಲಿ ಕಾರ್ಖಾನೆಯೇ ಮುಗಿಸಿ ಕಳಿಸಿದ್ದೆಷ್ಟು, ಪಕ್ಕದಲ್ಲಿ ಕೂತ ದೊಡ್ಡವರು ಮಾಡಿಕೊಡುವುದೆಷ್ಟು, ಇವೆರಡನ್ನೂ ಕಳೆದ ಮೇಲೆ ಮಗುವಿನ ಬೆರಳಿಗೂ ಕಣ್ಣಿಗೂ ಉಳಿಯುವುದೆಷ್ಟು? ಆ ಉಳಿಕೆಯಲ್ಲೇ ಆಟಿಕೆಯ ನಿಜವಾದ ಬೆಲೆ ಇದೆ.

ಕೈಗೆಲಸದ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ಯೋಚನೆ ಹೊಸದಲ್ಲ. ಜರ್ಮನಿಯ ಫ್ರೀಡ್ರಿಶ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ತೆರೆದ ಸಂಸ್ಥೆಯೇ ಮುಂದೆ ಕಿಂಡರ್‌ಗಾರ್ಟನ್ ಎಂದು ಹೆಸರಾಯಿತು. ಅವರ ಪದ್ಧತಿಯಲ್ಲಿ ಕಾಗದ ಮಡಿಸುವುದು, ಕಾಗದದ ಪಟ್ಟಿ ನೇಯುವುದು, ತೂತು ಮಾಡಿದ ರಟ್ಟಿನಲ್ಲಿ ಹೊಲಿಯುವುದು ದಿನನಿತ್ಯದ ‘ಕಸುಬು’ಗಳಾಗಿದ್ದವು. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಆರಂಭಿಸಿದರು. ಅವರು ರೂಪಿಸಿದ ಮರದ ದಿಮ್ಮಿಯಲ್ಲಿ 10 ಕುಳಿ, 10 ಉರುಳೆ. ಪ್ರತಿ ಉರುಳೆಯ ನೆತ್ತಿಯಲ್ಲಿ ಒಂದು ಸಣ್ಣ ಹಿಡಿ. ಅದನ್ನು ಹಿಡಿಯಲು ಮೂರು ಬೆರಳು ಬೇಕು, ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳು. ಉರುಳೆ ತಪ್ಪು ಕುಳಿಗೆ ಹೋದರೆ ಕೊನೆಯಲ್ಲಿ ಒಂದು ಉಳಿದೇ ಉಳಿಯುತ್ತದೆ, ತಪ್ಪಾಯಿತೆಂದು ಯಾರೂ ಹೇಳಬೇಕಿಲ್ಲ. ಒಂದು ಸಲಕ್ಕೆ ಒಂದೇ ಚಲನೆ, ತಪ್ಪು ತಾನಾಗಿ ಕಾಣುವ ವ್ಯವಸ್ಥೆ: ಹಳೆಯ ಸಾಧನಗಳ ಜೀವಾಳ ಇಷ್ಟೇ. ಇಂದಿನ ಪೆಟ್ಟಿಗೆಗಳಲ್ಲಿ ಹಲವು ಮುಗಿದ ವಸ್ತುವಿನ ಅಂದವನ್ನು ಮುಂದಿಟ್ಟುಕೊಂಡು ತಯಾರಾದವು. ಅಂದ ಕೆಡಬಾರದೆಂದು ಕತ್ತರಿಸುವುದು, ತೂತು ಹಾಕುವುದು, ಅಳೆಯುವುದು ಎಲ್ಲವನ್ನೂ ಯಂತ್ರವೇ ಮಾಡಿಬಿಡುತ್ತದೆ. ಮಗುವಿಗೆ ಅಂಟಿಸುವುದೊಂದೇ ಬಾಕಿ.

ಕೈಯನ್ನು ಮೊದಲು ಅರ್ಥ ಮಾಡಿಕೊಳ್ಳೋಣ. ಒಂದು ಕೈಯಲ್ಲಿ 27 ಮೂಳೆಗಳಿವೆ. ಅವುಗಳಲ್ಲಿ ಮಣಿಕಟ್ಟಿನ 8 ಮೂಳೆಗಳು ಹುಟ್ಟಿದಾಗ ಬಹುಮಟ್ಟಿಗೆ ಮೃದ್ವಸ್ಥಿಯಷ್ಟೇ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ, ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗುವಿಗೆ 9ರಿಂದ 12 ವರ್ಷ. ಹಿಡಿತವೂ ಹೀಗೇ ಹಂತಹಂತವಾಗಿ ಬರುತ್ತದೆ. 9ರಿಂದ 12 ತಿಂಗಳ ನಡುವೆ ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ಸಣ್ಣದನ್ನು ಹೆಕ್ಕುವುದು ಬರುತ್ತದೆ. ಒಂದರಿಂದ ಒಂದೂವರೆ ವರ್ಷದ ಮಗು ಬಣ್ಣದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಗೀಚುತ್ತದೆ. 2–3 ವರ್ಷಕ್ಕೆ ಬೆರಳುಗಳು ಕೆಳಮುಖವಾಗಿ ಕಡ್ಡಿಯ ಮೇಲೆ ಬರುತ್ತವೆ. ಮೂರೂವರೆಯಿಂದ ನಾಲ್ಕಕ್ಕೆ ಮೂರು ಬೆರಳ ಹಿಡಿತ ಬಂದರೂ ಚಲನೆ ಮಣಿಕಟ್ಟಿನಿಂದಲೇ. ಬೆರಳುಗಳೇ ಪೆನ್ಸಿಲನ್ನು ಓಡಿಸುವುದು ನಾಲ್ಕೂವರೆಯಿಂದ ಆರರ ನಡುವೆ. ಎರಡು ವರ್ಷದ ಮಗುವಿನ ಮುಷ್ಟಿ ಹಿಡಿತವನ್ನು ‘ತಿದ್ದಲು’ ಹೊರಡುವವರು ಇದನ್ನು ನೆನಪಿಡಬೇಕು. ಶಾಲೆಯ ವಯಸ್ಸಿನಲ್ಲೂ ಮೂರು ಬೆರಳ ಹಿಡಿತವೊಂದೇ ಸರಿ ಎಂಬ ಹಟ ಬೇಡ. ಪ್ರಾಥಮಿಕ ಶಾಲೆಯ ಮಕ್ಕಳ ಬರವಣಿಗೆ ಕುರಿತ 2012ರ ಅಧ್ಯಯನವೊಂದರಲ್ಲಿ, ನಾಲ್ಕು ಬೆರಳ ಹಿಡಿತವೂ ಸೇರಿದಂತೆ ನಾಲ್ಕು ಬಗೆಯ ಹಿಡಿತಗಳಲ್ಲಿ ವೇಗಕ್ಕಾಗಲೀ ಅಕ್ಷರದ ಸ್ಪಷ್ಟತೆಗಾಗಲೀ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕಣ್ಣಿನ ಕೆಲಸ ಇದಕ್ಕೆ ಜೊತೆಯಾದದ್ದು. ಇಲ್ಲಿ ಕಣ್ಣು ಎಂದರೆ ದೃಷ್ಟಿಯ ತೀಕ್ಷ್ಣತೆ ಮಾತ್ರವಲ್ಲ, ಕಂಡದ್ದನ್ನು ಮಿದುಳು ಅರ್ಥ ಮಾಡಿಕೊಳ್ಳುವ ಬಗೆಯೂ ಹೌದು. ಎರಡು ಆಕಾರಗಳ ವ್ಯತ್ಯಾಸ ಗುರುತಿಸುವುದು, ರಾಶಿಯಲ್ಲಿ ಬೇಕಾದದ್ದನ್ನು ಹುಡುಕಿ ತೆಗೆಯುವುದು, ಅರ್ಧ ಕಂಡದ್ದನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುವುದು, ಯಾವುದು ಯಾವುದರ ಎಡಕ್ಕಿದೆ, ಮೇಲಿದೆ ಎಂದು ತಿಳಿಯುವುದು ಎಲ್ಲವೂ ಬೇರೆ ಬೇರೆ ಸಾಮರ್ಥ್ಯಗಳು. ಕಣ್ಣು ಕಂಡದ್ದನ್ನು ಕೈ ಮಾಡುವುದು ಇನ್ನೊಂದು ಸಾಮರ್ಥ್ಯ. ಚಿತ್ರ ನೋಡಿ ನಕಲಿಸುವಾಗ ವೃತ್ತ ಸುಮಾರು 3 ವರ್ಷಕ್ಕೆ, ಕೂಡಿಸುವ ಚಿಹ್ನೆಯಂಥ ಗೆರೆ 4ಕ್ಕೆ, ಚೌಕ ನಾಲ್ಕೂವರೆಯ ಆಸುಪಾಸಿಗೆ, ತ್ರಿಕೋನ 5ಕ್ಕೆ ಬರುತ್ತದೆ. ವಜ್ರಾಕೃತಿ ಬರಲು 6–7 ವರ್ಷ ಕಾಯಬೇಕು. ವಜ್ರಾಕೃತಿಯನ್ನು ಬೇರೆ ಆಕಾರಗಳಿಂದ ಬೇರ್ಪಡಿಸಿ ಗುರುತಿಸುವುದು ಅದಕ್ಕೆಷ್ಟೋ ಮೊದಲೇ ಮಗುವಿಗೆ ಗೊತ್ತಿರುತ್ತದೆ. ನೋಡಿ ಗುರುತಿಸುವುದಕ್ಕೂ ನೋಡಿ ಮಾಡುವುದಕ್ಕೂ ನಡುವಿನ ಈ ಅಂತರದಲ್ಲೇ ಕರಕುಶಲ ಆಟಿಕೆಗೆ ಕೆಲಸವಿದೆ.

ಮಣಿ ಪೋಣಿಸುವುದನ್ನೇ ಹತ್ತಿರದಿಂದ ನೋಡಿ. ದೊಡ್ಡವರಿಗೆ ಅದು ಒಂದೇ ಕೆಲಸ, ಮಗುವಿನ ಕೈಗೆ ಐದು. ಒಂದು ಕೈ ದಾರವನ್ನು ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಹಿಡಿಯಬೇಕು. ಇನ್ನೊಂದು ಕೈ ಮಣಿಯನ್ನು ತೂತು ಮುಚ್ಚದಂತೆ ಅಂಚಿನಲ್ಲಿ ಹಿಡಿಯಬೇಕು. ಕಣ್ಣು ತೂತಿನ ಮೇಲಿದ್ದು ದಾರ ಒಳಹೋಗಬೇಕು. ಆಮೇಲೆ ಕಣ್ಣು ಮಣಿಯ ಆಚೆ ಬದಿಗೆ ಹೋಗಿ ಹೊರಬಂದ ತುದಿಯನ್ನು ಕಾಣಬೇಕು. ಕೊನೆಗೆ ದಾರ ನೂಕಿದ ಕೈ ಅದನ್ನು ಬಿಟ್ಟು ಆಚೆಯ ತುದಿ ಹಿಡಿದು ಎಳೆಯಬೇಕು, ಅಷ್ಟು ಹೊತ್ತು ಮಣಿ ಹಿಡಿದ ಕೈ ಅಲುಗಬಾರದು. ಹೆಚ್ಚಿನ ಮಕ್ಕಳು ಸೋಲುವುದು ಈ ಕೊನೆಯ ಹಂತದಲ್ಲಿ. ತುದಿ ಹೊರಬರುವ ಮೊದಲೇ ದಾರ ಬಿಡುತ್ತಾರೆ, ಮಣಿ ಜಾರಿ ಬೀಳುತ್ತದೆ. ನೋಡುವವರು ‘ಗಮನವಿಲ್ಲ’ ಎಂದುಬಿಡುತ್ತಾರೆ. ಕಾರಣ ಬಹುತೇಕ ದಾರದಲ್ಲೇ ಇರುತ್ತದೆ. ಪೆಟ್ಟಿಗೆಯ ಜೊತೆ ಬರುವ ದಾರ ಮೆತ್ತಗಿದ್ದು, ತುದಿ ತೂತಿಗೆ ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ. ಬಿರುಸಾದ ಭಾಗ ಇದ್ದರೂ ಮಣಿಯ ದಪ್ಪಕ್ಕಿಂತ ಗಿಡ್ಡವಾಗಿರುತ್ತದೆ.

ಪರಿಹಾರ ಸುಲಭ. ದಾರದ ತುದಿಗೆ 5 ಸೆಂಟಿಮೀಟರ್ ಉದ್ದಕ್ಕೆ ಸೆಲ್ಲೋ ಟೇಪ್ ಬಿಗಿಯಾಗಿ ಸುತ್ತಿ, ಕೊನೆಯನ್ನು ಓರೆಯಾಗಿ ಕತ್ತರಿಸಿ. ಬಿರುಸಾದ ಭಾಗ ಮಣಿಯ ದಪ್ಪದ ಎರಡರಷ್ಟಾದರೂ ಇದ್ದರೆ, ತುದಿ ಆಚೆ ಕಂಡಾಗಲೂ ಈಚೆ ಹಿಡಿಯಲು ಗಟ್ಟಿ ಜಾಗ ಉಳಿಯುತ್ತದೆ. ಇನ್ನೊಂದು ತುದಿಗೆ ಒಂದು ಮಣಿಯನ್ನೇ ಗಂಟು ಹಾಕಿ ಕಟ್ಟಿದರೆ ಪೋಣಿಸಿದ್ದು ಜಾರುವುದಿಲ್ಲ. ಮೂರು ವರ್ಷ ದಾಟಿದ ಮಗುವಿಗೆ 20–25 ಮಿಲಿಮೀಟರ್ ಮಣಿ, 8 ಮಿಲಿಮೀಟರ್ ತೂತು, 3 ಮಿಲಿಮೀಟರ್ ದಪ್ಪದ ಲೇಸ್, 40 ಸೆಂಟಿಮೀಟರ್ ಉದ್ದ ಒಳ್ಳೆಯ ಆರಂಭ. ಅದೂ ಕಷ್ಟವಾದರೆ ಒಂದು ಹಂತ ಹಿಂದೆ ಬನ್ನಿ: ಕ್ಲೇ ಉಂಡೆಯಲ್ಲಿ ನೆಟ್ಟಗೆ ಚುಚ್ಚಿದ ಕೋಲಿಗೆ ಮಣಿ ಇಳಿಸಲಿ. ಆಗ ಒಂದು ಕೈಗಷ್ಟೇ ಕೆಲಸ. ಅಲ್ಲಿಂದ ಬಗ್ಗುವ ಬಿರುಸು ತಂತಿ, ಆಮೇಲೆ ಟೇಪ್ ಸುತ್ತಿದ ಲೇಸ್, ಆಮೇಲೆ ಮೆತ್ತನೆಯ ದಾರ. ಮಣಿಯ ಗಾತ್ರವನ್ನೂ ದಾರದ ಮೆದುವನ್ನೂ ಒಟ್ಟಿಗೆ ಬದಲಿಸಬೇಡಿ. ಎರಡೂ ಒಮ್ಮೆಗೇ ಬದಲಾದರೆ ಮಗು ಎಡವಿದ್ದು ಎಲ್ಲಿ ಎಂದು ನಿಮಗೆ ತಿಳಿಯುವುದಿಲ್ಲ.

ಮಣಿಯಲ್ಲೇ ಕಣ್ಣಿನ ಪಾಠವೂ ಇದೆ. ಕೆಂಪು, ನೀಲಿ, ಕೆಂಪು, ನೀಲಿ ಎಂದು ಪೋಣಿಸಿದ ಮಾದರಿ ಸರವನ್ನು ಮಗುವಿನ ಸರದ ಪಕ್ಕದಲ್ಲೇ, ಅದೇ ದಿಕ್ಕಿಗೆ ಇಡಿ. ಇದು ಬಂದ ಮೇಲೆ ಅದೇ ಅಳತೆಯ ಚಿತ್ರ, ಆಮೇಲೆ ಚಿಕ್ಕ ಚಿತ್ರ. ಆ ಚಿತ್ರವನ್ನೇ ಎದುರಿನ ಗೋಡೆಗೆ ಅಂಟಿಸಿದರೆ ಕಣ್ಣು ದೂರಕ್ಕೂ ಹತ್ತಿರಕ್ಕೂ ಓಡಾಡಿ, ಬಿಟ್ಟ ಜಾಗವನ್ನು ಮತ್ತೆ ಹುಡುಕಿಕೊಳ್ಳಬೇಕಾಗುತ್ತದೆ. ತರಗತಿಯಲ್ಲಿ ಬೋರ್ಡ್ ನೋಡಿ ಬರೆಯುವ ಕಷ್ಟವೂ ಇದೇ. ಕೊನೆಯಲ್ಲಿ ಮೂರು ಮಣಿಯ ಮಾದರಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡಿ, ನೆನಪಿನಿಂದ ಪೋಣಿಸಲಿ. ತಟ್ಟೆಯಲ್ಲಿ ಆರು ಬಣ್ಣದ ಅರವತ್ತು ಮಣಿ ಸುರಿದು ಬೇಕಾದ ಆರನ್ನು ಹುಡುಕಿ ತೆಗೆಯಲು ಹೇಳುವುದು ಬೇರೆಯದೇ ಅಭ್ಯಾಸ. ಅದನ್ನು ಪೋಣಿಸುವ ಕೆಲಸದ ಜೊತೆ ಮೊದಲ ದಿನವೇ ಬೆರೆಸಿದರೆ ಎರಡೂ ಕೆಡುತ್ತವೆ. ಆರಂಭದಲ್ಲಿ ಬೇಕಾದ ಮಣಿಗಳನ್ನಷ್ಟೇ ಮುಂದಿಡಿ.

ಕತ್ತರಿ ಇನ್ನೂ ಕಠಿಣ. ದೊಡ್ಡವರು ಹೆದರಿ ದೂರ ಇಡುವುದೂ ಅದನ್ನೇ. ಎರಡೂವರೆ ವರ್ಷದ ಹೊತ್ತಿಗೆ ಕಾಗದದ ಅಂಚನ್ನು ಕಚಕ್ಕೆಂದು ಕೊಯ್ಯುವುದು, 3–4ಕ್ಕೆ ಗೆರೆಯ ಮೇಲೆ ಹೋಗುವುದು, 4–5ಕ್ಕೆ ವೃತ್ತ, 5ರ ನಂತರ ಚೌಕದ ಮೂಲೆ. ಇದು ಸಾಮಾನ್ಯ ಕ್ರಮ. ಮೊಂಡು ತುದಿಯ, ಆದರೆ ಅಂಚು ಚೆನ್ನಾಗಿ ಹರಿತವಾದ 12 ಸೆಂಟಿಮೀಟರ್ ಕತ್ತರಿ ಬೇಕು. ಪೆಟ್ಟಿಗೆಗಳಲ್ಲಿ ಬರುವ ಪೂರ್ತಿ ಪ್ಲಾಸ್ಟಿಕ್ ಕತ್ತರಿ ಕಾಗದವನ್ನು ಕೊಯ್ಯದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಮಗು ಇನ್ನಷ್ಟು ಒತ್ತುತ್ತದೆ, ಕೈ ತಿರುಚುತ್ತದೆ, ತಪ್ಪು ಹಿಡಿತ ಅಲ್ಲೇ ಅಭ್ಯಾಸವಾಗುತ್ತದೆ. ಕ್ಲೇ ಕತ್ತರಿಸಲು ಮಾತ್ರ ಅದನ್ನು ಬಳಸಿ.

ಹೆಬ್ಬೆರಳು ಮೇಲಿನ ಉಂಗುರದಲ್ಲಿ, ನಡುಬೆರಳು ಕೆಳಗಿನದರಲ್ಲಿ, ತೋರುಬೆರಳು ಆ ಉಂಗುರದ ಮುಂದೆ ಆಸರೆಯಾಗಿ. ಹೆಬ್ಬೆರಳು ಸದಾ ಆಕಾಶ ನೋಡಬೇಕು. ಅದು ಕೆಳಕ್ಕೆ ತಿರುಗಿದ್ದರೆ ಮೊಣಕೈ ಪಕ್ಕೆಯಿಂದ ಮೇಲೆದ್ದಿದೆ ಎಂದರ್ಥ, ಮೊಣಕೈ ಎದ್ದಿದ್ದರೆ ಮೇಜು ಎತ್ತರವಾಗಿರುವ ಸಾಧ್ಯತೆ ಹೆಚ್ಚು. ಕೂತಾಗ ಮೇಜಿನ ಮೈ ಮೊಣಕೈಗಿಂತ ಎರಡು ಮೂರು ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು, ಪಾದ ನೆಲಕ್ಕೋ ಮಣೆಗೋ ತಾಗಿರಬೇಕು. ಹಿಡಿತ ತಿದ್ದಲು ಬೆರಳು ಹಿಡಿದೆಳೆಯುವ ಮೊದಲು ಕುರ್ಚಿ ಸರಿಮಾಡಿ. ಪಕ್ಕೆಗೂ ತೋಳಿಗೂ ನಡುವೆ ಮಡಚಿದ ಕಾಗದ ಇಟ್ಟು ಬೀಳದಂತೆ ಕತ್ತರಿಸು ಎಂದರೆ ಮೊಣಕೈ ತಾನೇ ಇಳಿಯುತ್ತದೆ.

ಕಾಗದದ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ತೆಳು ಕಾಗದ ಸುಲಭ ಎನ್ನಿಸುತ್ತದೆ, ಆದರೆ ಅದು ಬಾಗುತ್ತದೆ. 160–200 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಪ್ಪದ ಕಾಗದ ನೆಟ್ಟಗೆ ನಿಲ್ಲುವುದರಿಂದ ಹಿಡಿದ ಕೈಗೆ ಕೆಲಸ ಹಗುರ. ಮೊದಲು ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ: ಒಂದೇ ಕೊಯ್ತಕ್ಕೆ ತುಂಡು ಬೀಳುತ್ತದೆ. ಬಂದ ಮೇಲೆ 4 ಸೆಂಟಿಮೀಟರ್ ಪಟ್ಟಿ. ಇಲ್ಲಿ ಕತ್ತರಿಯನ್ನು ಪೂರ್ತಿ ಮುಚ್ಚದೆ ಮತ್ತೆ ತೆರೆದು ಮುಂದೆ ಸಾಗಬೇಕು, ಅದೇ ಹೊಸ ಪಾಠ. ಮೂರನೆಯದು 15 ಸೆಂಟಿಮೀಟರ್ ನೇರ ಗೆರೆ. ಗೆರೆ 5–6 ಮಿಲಿಮೀಟರ್ ದಪ್ಪವಿರಲಿ, ವಾರ ಕಳೆದಂತೆ ಸಣ್ಣದಾಗಲಿ. ವೃತ್ತ ಕತ್ತರಿಸುವಾಗ ಕತ್ತರಿ ಅಲ್ಲೇ ಇದ್ದು ಕಾಗದ ತಿರುಗಬೇಕು. ಬಲಗೈಯ ಮಗು ಗಡಿಯಾರದ ಮುಳ್ಳಿಗೆ ಎದುರಾಗಿ, ಎಡಗೈಯ ಮಗು ಮುಳ್ಳಿನ ದಿಕ್ಕಿಗೆ ಕತ್ತರಿಸುತ್ತದೆ. ಎಡಗೈ ಮಗುವಿಗೆ ಎಡಗೈ ಕತ್ತರಿಯೇ ಬೇಕು, ಇದರಲ್ಲಿ ರಾಜಿ ಬೇಡ. ಬಲಗೈ ಕತ್ತರಿ ಎಡಗೈಗೆ ಹೋದರೆ ಮೇಲಿನ ಅಲಗು ಗೆರೆಯನ್ನು ಮರೆಮಾಡುತ್ತದೆ, ಹೆಬ್ಬೆರಳಿನ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ದೂರ ತಳ್ಳುತ್ತದೆ. ಮಗುವಿನ ಕಣ್ಣಿಗೂ ಕೈಗೂ ಒಟ್ಟಿಗೇ ಅನ್ಯಾಯ.

ರಟ್ಟಿನಲ್ಲಿ ಲೇಸ್ ಹೊಲಿಯುವ ಆಟಿಕೆ ಮನೆಯಲ್ಲೇ ತಯಾರಾಗುತ್ತದೆ. 2–3 ಮಿಲಿಮೀಟರ್ ದಪ್ಪದ, 15 ಸೆಂಟಿಮೀಟರ್ ಚೌಕ ರಟ್ಟು. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಎರಡೂವರೆ ಸೆಂಟಿಮೀಟರ್‌ಗೊಂದರಂತೆ 6 ಮಿಲಿಮೀಟರ್ ತೂತು ಹಾಕಿದರೆ ಸುತ್ತ ಸುಮಾರು 20 ಬರುತ್ತವೆ. ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆಗೆ 80 ಸೆಂಟಿಮೀಟರ್ ಲೇಸ್ ಸಾಕು, ಅಂಚು ಸುತ್ತುವ ಹೊಲಿಗೆಗೆ 130 ಬೇಕು. ಸಾದಾ ಹೊಲಿಗೆ ಹೇಳಿಕೊಟ್ಟರೂ ಮಗು ಅಂಚು ಸುತ್ತುವುದು ಪ್ರತಿ ಮನೆಯಲ್ಲೂ ಕಾಣುವ ತಪ್ಪು. ರಟ್ಟನ್ನು ತಿರುಗಿಸಿ ಹಿಂಬದಿಯಿಂದ ಚುಚ್ಚಬೇಕೆಂಬುದು ಅದಕ್ಕೆ ಹೊಳೆದಿರುವುದಿಲ್ಲ, ಏಕೆಂದರೆ ಎರಡೂ ಬದಿ ಒಂದೇ ಥರ ಕಾಣುತ್ತವೆ. ಒಂದು ಬದಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಕಾಗದ ಅಂಟಿಸಿ, ‘ಕೆಂಪಿನಿಂದ ಹೋಯಿತು, ಈಗ ನೀಲಿಯಿಂದ ಬರಲಿ’ ಎನ್ನಿ. ತಪ್ಪು ಬಹುಪಾಲು ನಿಲ್ಲುತ್ತದೆ.

ಕಾಗದ ನೇಯುವುದಕ್ಕೆ 20 ಸೆಂಟಿಮೀಟರ್ ಚೌಕ ಹಾಳೆಯನ್ನು ಅರ್ಧಕ್ಕೆ ಮಡಿಸಿ, ಮಡಿಕೆಯ ಕಡೆಯಿಂದ ಎರಡೂವರೆ ಸೆಂಟಿಮೀಟರ್‌ಗೊಂದರಂತೆ ಏಳು ಸೀಳು ಕೊಯ್ಯಿರಿ. ತೆರೆದ ಅಂಚಿನಲ್ಲಿ ಎರಡೂವರೆ ಸೆಂಟಿಮೀಟರ್ ಬಿಡಬೇಕು, ಮರೆತರೆ ಹಾಳೆ ತುಂಡಾಗುತ್ತದೆ. ಅಷ್ಟೇ ಅಗಲದ ಐದು ಪಟ್ಟಿಗಳನ್ನು ಎರಡು ಬಣ್ಣದಲ್ಲಿ ಕೊಡಿ. ಎರಡನೇ ಪಟ್ಟಿಯನ್ನೂ ಮೊದಲನೆಯದರಂತೆ ಮೇಲಿನಿಂದಲೇ ಶುರು ಮಾಡುವುದು ಇಲ್ಲಿಯ ತಪ್ಪು. ಆಗ ಹೆಣಿಗೆ ಬಿಗಿಯಾಗದೆ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಹೇಳಬೇಡಿ, ಹಾಳೆಯನ್ನು ಎತ್ತಿ ಅಲುಗಿಸಿ ತೋರಿಸಿ. ಜಾರಿದ್ದನ್ನು ಕಂಡ ಮಗು ತಾನೇ ಬಿಚ್ಚಿ ಸರಿಮಾಡುತ್ತದೆ. ಪಕ್ಕದ ಸಾಲನ್ನು ನೋಡಿ ಅದಕ್ಕೆ ವಿರುದ್ಧವಾದದ್ದನ್ನು ಮಾಡುವ ಈ ಅಭ್ಯಾಸ ಕಣ್ಣಿಗೆ ಬಹಳ ಒಳ್ಳೆಯದು. ಅಗ್ಗದ ವಸ್ತುವಿನಿಂದ ಇಷ್ಟು ದೊರೆಯುವ ಕೆಲಸ ಇನ್ನೊಂದಿಲ್ಲ ಎಂದೇ ಹೇಳಬೇಕು.

ಕ್ಲೇ ಬೆರಳಿಗೆ ಬಲ ಕೊಡುತ್ತದೆ, ಕಣ್ಣಿಗೆ ಕೊಡುವುದು ಕಡಿಮೆ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಚಮಚ ಎಣ್ಣೆ, ಮುಕ್ಕಾಲಿನಿಂದ ಒಂದು ಲೋಟ ನೀರು ಹಾಕಿ ನಾದಿದರೆ ಸಾಕು. ಚಿಕ್ಕವರಿಗೆ ಮೆತ್ತಗೆ, ಐದು ದಾಟಿದವರಿಗೆ ಬಿರುಸಾಗಿ. ಅಂಗೈಯಲ್ಲಿ ಉಜ್ಜುವುದಕ್ಕಿಂತ ಮೂರು ಬೆರಳ ತುದಿಯಲ್ಲಿ ಒಂದು ಸೆಂಟಿಮೀಟರ್ ಗುಂಡು ಮಾಡಿಸುವುದು ಪೆನ್ಸಿಲ್ ಹಿಡಿತಕ್ಕೆ ಹತ್ತಿರದ ಕೆಲಸ. ಇಷ್ಟು ಉಪ್ಪು ಬೆರೆತದ್ದನ್ನು ಮಗು ನುಂಗಬಾರದು, ಸಾಕುನಾಯಿಯ ಬಾಯಿಗೂ ಸಿಗಬಾರದು. ಗೋಧಿಯ ಅಲರ್ಜಿ ಇರುವ ಮಗುವಿಗೆ ಮೈದಾ ಬೇಡ. ಕಾಗದ ಮಡಿಸುವುದಕ್ಕೆ 15 ಸೆಂಟಿಮೀಟರ್ ಚೌಕ ಒಳ್ಳೆಯ ಅಳತೆ. ಮೊದಲ ಮಡಿಕೆಯಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಮುಂದಿನ ಪ್ರತಿ ಮಡಿಕೆಗೂ ಆ ತಪ್ಪು ಸೇರುತ್ತಾ ಹೋಗುವುದರಿಂದ, ಮೂರು ಮಡಿಕೆಗಿಂತ ಹೆಚ್ಚಿನದನ್ನು ಐದು ವರ್ಷಕ್ಕೆ ಮೊದಲು ನಿರೀಕ್ಷಿಸಬೇಡಿ.

ಈ ಲೆಕ್ಕ ಹಿಡಿದು ಅಂಗಡಿಯ ಪೆಟ್ಟಿಗೆಯನ್ನು ತೆರೆದು ನೋಡಬಹುದು. ಫೆಲ್ಟ್ ಬೊಂಬೆ ಹೊಲಿಯುವ ಪೆಟ್ಟಿಗೆಯಲ್ಲಿ ತೂತುಗಳು ಮೊದಲೇ ಇದ್ದರೂ ನಲವತ್ತು ಹೊಲಿಗೆ ಮಗುವಿಗೇ ಉಳಿದಿದ್ದರೆ ಅದು ಒಳ್ಳೆಯ ಪೆಟ್ಟಿಗೆ. ಹಿಂಬದಿಯ ಪದರ ಸುಲಿದು ಅಂಟಿಸುವ ಸ್ಟಿಕ್ಕರ್ ಚಿತ್ರದಲ್ಲಿ ಸುಲಿಯುವುದೇ ನಿಜವಾದ ಕೆಲಸ. ದೊಡ್ಡವರು ಒಂದೊಂದೇ ಸುಲಿದು ಕೊಟ್ಟರೆ ಪೆಟ್ಟಿಗೆ ಖಾಲಿಯಾದಂತೆಯೇ. ಆರಂಭಕ್ಕೆ ಹಾಳೆಯ ಅಂಚನ್ನು ಹಿಂದಕ್ಕೆ ಮಡಿಸಿ ಸ್ಟಿಕ್ಕರ್‌ನ ಒಂದು ಮೂಲೆ ಎದ್ದು ನಿಲ್ಲುವಂತೆ ಮಾಡಿಕೊಡಿ, ಉಳಿದದ್ದು ಮಗುವಿನದು. ಒಂದೇ ಪೆಟ್ಟಿಗೆಯಲ್ಲಿ ಎಂಟು ಬಗೆಯ ಕೈಗೆಲಸ ತುಂಬಿದ್ದಕ್ಕಿಂತ ಒಂದೇ ಕೈಗೆಲಸವನ್ನು ಎಂಟು ಸಲ ಮಾಡಿಸುವುದು ಮೇಲು. ಕೈ ಕಲಿಯುವುದು ಮರುಮಾಡುವುದರಿಂದ. ‘3 ವರ್ಷ ಮೇಲ್ಪಟ್ಟವರಿಗೆ’ ಎಂಬ ಮುದ್ರೆಯನ್ನು ಕೌಶಲದ ಅಳತೆ ಎಂದುಕೊಳ್ಳುವವರಿದ್ದಾರೆ. ಅದು ಮುಖ್ಯವಾಗಿ ಸಣ್ಣ ಭಾಗಗಳು ಗಂಟಲಿಗೆ ಸಿಕ್ಕುವ ಅಪಾಯದ ಎಚ್ಚರಿಕೆ.

ದೊಡ್ಡವರ ಸಹಾಯದ ಬಗ್ಗೆ ಒಂದು ಮಾತು. ಮಗು ತಡವರಿಸಿದ ಕೂಡಲೇ ಕೈ ಚಾಚುವುದು ಪ್ರೀತಿಯಿಂದಲೇ. ಆದರೂ ಮನಸ್ಸಿನಲ್ಲಿ ಹತ್ತು ಎಣಿಸಿ. ಆಮೇಲೆ ಒಂದು ಮಾತು, ಆಮೇಲೆ ಬೆರಳು ತೋರಿಸುವುದು, ಆಮೇಲೆ ಮೊಣಕೈಗೋ ಮಣಿಕಟ್ಟಿಗೋ ಸಣ್ಣ ಆಸರೆ. ಕೈ ಮೇಲೆ ಕೈ ಇಟ್ಟು ಮಾಡಿಸುವುದು ಎಲ್ಲಕ್ಕಿಂತ ಕೊನೆಗೆ. ಪೂರ್ತಿ ಕೆಲಸ ಮಗುವಿನ ಶಕ್ತಿ ಮೀರಿದ್ದಾದರೆ ಕೊನೆಯ ಹಂತದಿಂದ ಶುರುಮಾಡಿ ಹಿಂದಕ್ಕೆ ಕಲಿಸುತ್ತಾ ಬನ್ನಿ. ಮಣಿಯನ್ನು ನೀವು ಪೋಣಿಸಿ, ದಾರ ಎಳೆಯುವುದನ್ನಷ್ಟೇ ಮಗುವಿಗೆ ಬಿಡಿ. ಅದು ಬಂದ ಮೇಲೆ ಹೊರಬಂದ ತುದಿ ಹಿಡಿಯುವುದನ್ನೂ ಬಿಡಿ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನ ಪಾಲಿಗೇ ಬರುತ್ತದೆ. 3–4 ವರ್ಷದವರಿಗೆ ಹತ್ತು ಹದಿನೈದು ನಿಮಿಷ ಸಾಕು, ಆರರ ಮಗು ಅರ್ಧ ಗಂಟೆ ಕೂರಬಲ್ಲದು. ಉಗುರಿನ ತುದಿ ಬೆಳ್ಳಗಾಗುವಷ್ಟು ಬಿಗಿಹಿಡಿತ, ಮೇಜಿನ ಮೇಲೆ ವಾಲುವುದು, ಕೈ ಬದಲಿಸುತ್ತಲೇ ಇರುವುದು ಕಂಡರೆ ದಣಿದಿದೆ ಎಂದರ್ಥ, ನಿಲ್ಲಿಸಿ.

ಇದೆಲ್ಲ ಮಾಡಿದರೆ ಓದುಬರಹ ಸುಧಾರಿಸುತ್ತದೆಯೇ? ಪೆಟ್ಟಿಗೆಯ ಮೇಲಿನ ಮಾತಿಗೂ ಪುರಾವೆಗೂ ನಡುವೆ ದೂರವಿರುವುದು ಇಲ್ಲಿಯೇ. ಶಾಲೆ ಸೇರುವ ವಯಸ್ಸಿನ ಸೂಕ್ಷ್ಮ ಚಲನಾ ಕೌಶಲಕ್ಕೂ (ಕೈಬೆರಳಿನ ನಯಗೆಲಸ) ಮುಂದಿನ ತರಗತಿಗಳ ಓದು, ಗಣಿತಕ್ಕೂ ಸಂಬಂಧವಿದೆ ಎಂದು ಡೇವಿಡ್ ಗ್ರಿಸ್ಮರ್ ಮತ್ತು ಸಂಗಡಿಗರು 2010ರಲ್ಲಿ ದೊಡ್ಡ ಸಮೀಕ್ಷೆಗಳ ಆಧಾರದ ಮೇಲೆ ತೋರಿಸಿದರು. ಸಂಬಂಧವಿದೆ ಎಂದ ಮಾತ್ರಕ್ಕೆ ಮಣಿ ಪೋಣಿಸಿದರೆ ಗಣಿತ ಬರುತ್ತದೆ ಎಂದಾಗುವುದಿಲ್ಲ. ಕೈಯ ಕಲಿಕೆ ಬಹುಮಟ್ಟಿಗೆ ಮಾಡಿದ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಸುಮಾರು 5–6 ಶೇಕಡಾ ಮಕ್ಕಳಲ್ಲಿ ಕಾಣುವ ಚಲನಾ ಸಮನ್ವಯದ ತೊಂದರೆ ಕುರಿತು 2019ರಲ್ಲಿ ಬಂದ ಅಂತರರಾಷ್ಟ್ರೀಯ ಶಿಫಾರಸುಗಳು ಹೇಳಿದ್ದೂ ಇದನ್ನೇ: ಮಗುವಿಗೆ ಯಾವ ಕೆಲಸ ಬರಬೇಕೋ ಅದನ್ನೇ ಅಭ್ಯಾಸ ಮಾಡಿಸಿ. ಗುಂಡಿ ಹಾಕಲು ಬರಬೇಕಾದರೆ ಗುಂಡಿಯನ್ನೇ ಹಾಕಿಸಬೇಕು, ಬರೆಯಲು ಬರಬೇಕಾದರೆ ಬರೆಸಲೇಬೇಕು. ಕರಕುಶಲ ಆಟಿಕೆ ಕೈಗೆ ಹಿಡಿತ, ಬಲ, ಎರಡು ಕೈಗಳ ಜೊತೆಗೆಲಸ ಕೊಟ್ಟು ದಾರಿ ಸುಗಮ ಮಾಡುತ್ತದೆ. ಬರವಣಿಗೆಯ ಜಾಗದಲ್ಲಿ ಅದು ನಿಲ್ಲಲಾರದು. ಓದಿನ ತೊಂದರೆಯನ್ನು ಕಣ್ಣಿನ ಕಸರತ್ತಿನಿಂದ ಗುಣಪಡಿಸುತ್ತೇವೆ ಎನ್ನುವ ಮಾತಿಗೂ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿವೆ.

ಪರದೆಯ ವಿಷಯ ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ ಎನ್ನುತ್ತದೆ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಗಾಜಿನ ಮೇಲೆ ಬೆರಳು ಜಾರಿಸುವಾಗ ವಸ್ತುವಿನ ತೂಕವಿಲ್ಲ, ಬಿರುಸಿಲ್ಲ, ಎಷ್ಟು ಒತ್ತಬೇಕೆಂಬ ಅಂದಾಜು ಬೇಕಿಲ್ಲ. ಎರಡನೇ ಕೈ ಸುಮ್ಮನಿರುತ್ತದೆ. ಹಾಗೆಂದು ಪರದೆಯಿಂದ ಬಿಡಿಸಿದ ಹೊತ್ತನ್ನೆಲ್ಲ ಮೇಜಿನ ಕೆಲಸಕ್ಕೆ ಹಾಕುವುದೂ ಸರಿಯಲ್ಲ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ಗಮನಿಸಿದಾಗ, ಹೊಸದಾಗಿ ಸಮೀಪದೃಷ್ಟಿ ಬಂದವರು 30.4 ಶೇಕಡಾ ಇದ್ದರು, ಎಂದಿನ ದಿನಚರಿಯಲ್ಲಿದ್ದವರಲ್ಲಿ 39.5 ಶೇಕಡಾ. 2015ರಲ್ಲಿ ಪ್ರಕಟವಾದ ಫಲಿತಾಂಶವಿದು. ಮಣಿ, ಕತ್ತರಿಯ ಅರ್ಧ ಗಂಟೆಯ ಪಕ್ಕದಲ್ಲಿ ಬಯಲಿನ ಒಂದೆರಡು ಗಂಟೆ ಇರಲೇಬೇಕು.

ಸುರಕ್ಷತೆಯಲ್ಲಿ ಅಂದಾಜಿಗೆ ಜಾಗವಿಲ್ಲ. ಮೂರು ವರ್ಷದೊಳಗಿನವರ ಆಟಿಕೆಯ ಸಣ್ಣ ಭಾಗಗಳನ್ನು ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ವಸ್ತು ಆ ವಯಸ್ಸಿಗೆ ಸಲ್ಲದು. ಚೆಂಡಿನಂಥ ದುಂಡು ವಸ್ತುವಿಗೆ ಅಳತೆ ಇನ್ನೂ ಬಿಗಿ, ಸುಮಾರು 44.5 ಮಿಲಿಮೀಟರ್. ಆದ್ದರಿಂದ ಆ ವಯಸ್ಸಿನವರಿಗೆ ಮಣಿಯ ಬದಲು ಕೋಲಿಗೆ ಹಾಕುವ ದೊಡ್ಡ ಉಂಗುರಗಳನ್ನು ಕೊಡಿ. 22 ಸೆಂಟಿಮೀಟರ್‌ಗಿಂತ ಉದ್ದದ ಸಡಿಲ ದಾರ ಬೇಡವೇ ಬೇಡ. ಬಲವಾದ ಸಣ್ಣ ಅಯಸ್ಕಾಂತಗಳಿರುವ ಪೆಟ್ಟಿಗೆಗಳನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಬೇಡಿ. ಎರಡು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ನೀರಿನಲ್ಲಿ ಉಬ್ಬುವ ಮಣಿಗಳು ನೋಡಲು ಚೆಂದ, ನುಂಗಿದರೆ ಕರುಳಿನೊಳಗೆ ಉಬ್ಬಿ ದಾರಿ ಕಟ್ಟುತ್ತವೆ. ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುಗಾಯ ಮಾಡಬಲ್ಲದು. ಇವುಗಳಲ್ಲಿ ಯಾವುದನ್ನಾದರೂ ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಿ.

ಆಟಿಕೆ ಸರಿಯಿದ್ದು, ಮೇಜು ಸರಿಯಿದ್ದು, ಅಭ್ಯಾಸವೂ ನಡೆದು ಕೆಲಸ ಮುಂದೆ ಸಾಗದಿದ್ದರೆ ಬೇರೆ ಕಡೆ ನೋಡಬೇಕು. ಒಂದು ವರ್ಷಕ್ಕೆ ಮೊದಲೇ ಒಂದೇ ಕೈಯನ್ನು ಬಳಸುವ ಮಗುವಿನ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಕೈಯ ಒಲವು ಸ್ಪಷ್ಟವಾಗಿ ನಿಲ್ಲುವುದು ಸಾಮಾನ್ಯವಾಗಿ 4–6 ವರ್ಷದಲ್ಲಿ. ಕಲಿತದ್ದನ್ನು ಮಗು ಕಳೆದುಕೊಳ್ಳುತ್ತಿದ್ದರೆ ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಿ. ತೂತು ಹುಡುಕಲು ತಲೆ ಓರೆ ಮಾಡುವುದು, ಒಂದು ಕಣ್ಣು ಮುಚ್ಚುವುದು, ಮಣಿಯನ್ನು ಮೂಗಿನ ಹತ್ತಿರ ತರುವುದು ಕಂಡರೆ ಮೊದಲು ಕಣ್ಣಿನ ಪರೀಕ್ಷೆ. ಒಂದು ಕಣ್ಣಿನ ದೃಷ್ಟಿ ಮಂದವಾಗಿ ಉಳಿದಿದ್ದರೆ ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದಾಗ ಫಲ ಹೆಚ್ಚು. ಕಣ್ಣು ಸರಿಯಿದ್ದೂ ಐದು ದಾಟಿದ ಮಗುವಿಗೆ ಗುಂಡಿ, ಕತ್ತರಿ, ಪೆನ್ಸಿಲ್ ಮೂರೂ ಓರಗೆಯವರಿಗಿಂತ ತೀರಾ ಕಷ್ಟವಾಗಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಚಿಕಿತ್ಸಕರು) ಬಳಿ ಹೋಗಿ. ಹೋಗುವಾಗ ಮಗು ಕತ್ತರಿಸಿದ ಎರಡು ಮೂರು ಕಾಗದ, ಪೋಣಿಸಿದ ಸರ, ಬಿಡಿಸಿದ ಚೌಕ, ತ್ರಿಕೋನಗಳ ಹಾಳೆ ಜೊತೆಗಿರಲಿ. ಪ್ರತಿಯೊಂದರ ಹಿಂದೆ ತಾರೀಕು, ಹಿಡಿದ ಸಮಯ, ಸಹಾಯ ಬೇಕಾದ ಹಂತ ಬರೆದಿಡಿ.